ಹಳೆಯ ಇ-ಕ್ಲಾಸ್‌ಗೆ ಒಂದು ಲಕ್ಷ ರೂಪಾಯಿ ಹಾಕುವುದಾದರೆ ಯಾವುದಕ್ಕೆ ಹಾಕಲಿ?

ನೀವು ಕೇಳಿದ್ದು ಇಷ್ಟು: 2008ರ ಮರ್ಸಿಡಿಸ್ ಇ 280 ಸಿಡಿಐ ಸೆಕೆಂಡ್ ಹ್ಯಾಂಡ್ ತಗೊಂಡಿದ್ದೀರಿ. ಓಡಿರುವುದು 1.3 ಲಕ್ಷ ಕಿ.ಮೀ. ಕೈಯಲ್ಲಿ ಇನ್ನೊಂದು ಲಕ್ಷ ರೂಪಾಯಿ ಇದೆ. 18 ಇಂಚಿನ ಅಲಾಯ್ ಚಕ್ರ, ಆಂಡ್ರಾಯ್ಡ್ ಸ್ಕ್ರೀನ್, ರೀಮ್ಯಾಪ್ (ಇಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಾಯಿಸಿ ಶಕ್ತಿ ಏರಿಸುವುದು), ಇವುಗಳಲ್ಲಿ ಮೊದಲು ಯಾವುದು ಅಂತ.

ಸದ್ಯಕ್ಕೆ ಮೂರೂ ಬೇಡ. ನನ್ನ ಹತ್ತಿರವೂ ಇದೇ ಗಾಡಿ ಇದೆ, ಅದೇ ಡಬ್ಲ್ಯೂ 211 (ಈ ತಲೆಮಾರಿನ ಇ-ಕ್ಲಾಸ್ ಗಾಡಿಗೆ ಕಂಪನಿಯ ಗುರುತು), ನಿಮ್ಮದಕ್ಕಿಂತ ಒಂದು ವರ್ಷ ಹಳೆಯದು. ಎಂಟು ವರ್ಷದಿಂದ ಬೆಂಗಳೂರಿನಲ್ಲಿ ಓಡಿಸುತ್ತಿದ್ದೇನೆ. ತಗೊಂಡ ಹೊಸದರಲ್ಲಿ ನಾನೂ ನೇರ ಅಲಾಯ್ ಅಂಗಡಿಗೇ ಹೋದವನು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗಾಯಿತು. ಈ ಗಾಡಿಯಲ್ಲಿ ಕಬ್ಬಿಣ ಅಷ್ಟು ಸುಲಭವಾಗಿ ಕೆಡುವುದಿಲ್ಲ, ಕೆಡುವುದು ರಬ್ಬರ್. ನಿಮ್ಮ ದುಡ್ಡು ಮೊದಲು ರಬ್ಬರ್‌ಗೆ ಮತ್ತು ಎಣ್ಣೆಗೆ ಹೋಗಬೇಕು.

ಎಷ್ಟು ಸಣ್ಣ ರಬ್ಬರ್ ಎಷ್ಟು ಆಟ ಆಡಿಸುತ್ತದೆ ಅಂತ ಹೇಳುತ್ತೇನೆ ಕೇಳಿ. ಮೂರು ವರ್ಷದ ಹಿಂದೆ ಮಂಗಳೂರಿಗೆ ಹೊರಟಿದ್ದೆವು. ಸಕಲೇಶಪುರ ದಾಟಿ ಘಾಟಿ ಶುರುವಾಗುತ್ತಿದ್ದ ಹಾಗೆ ಇಂಜಿನ್ ಲೈಟ್ ಹತ್ತಿತು, ಪಿಕಪ್ ಪೂರ್ತಿ ಹೋಯಿತು. ಹಿಂದಿದ್ದ ಟೆಂಪೋದವನು ಹಾರ್ನ್ ಹೊಡೆದೂ ಹೊಡೆದೂ ಕೊನೆಗೆ ಓವರ್‌ಟೇಕ್ ಮಾಡಿಕೊಂಡು ಹೋದ. ಊರಿಗೆ ವಾಪಸ್ ಬಂದು ಒಂದು ದೊಡ್ಡ ಗ್ಯಾರೇಜಿಗೆ ತೋರಿಸಿದೆ. ‘ಟರ್ಬೋ ಹೋಗಿದೆ ಸರ್, ಒಂದೂಮುಕ್ಕಾಲು ಲಕ್ಷ’ ಅಂದರು. ಮನಸ್ಸು ಒಪ್ಪಲಿಲ್ಲ. ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಸ್ಕ್ಯಾನರ್ ಹಾಕಿದರು, ಆಮೇಲೆ ಇಂಜಿನ್ ಕವರ್ ಬಿಚ್ಚಿ ಟರ್ಬೋಗೆ ಗಾಳಿ ಹೋಗುವ ಪೈಪ್ ತೆಗೆದು ಟಾರ್ಚ್ ಬಿಟ್ಟರು. ಪೈಪ್ ಕೂರುವ ಜಾಗದಲ್ಲಿ ಬಳೆಯಷ್ಟು ದೊಡ್ಡ ಒಂದು ರಬ್ಬರ್ ಸೀಲ್ ಇದೆ. ಅದು ಗಟ್ಟಿಯಾಗಿ ಒಣಗಿತ್ತು. ಅದರ ಸಂದಿಯಿಂದ ಎಣ್ಣೆ ತೊಟ್ಟು ತೊಟ್ಟಾಗಿ ಕೆಳಗೆ ಬೀಳುತ್ತಿತ್ತು. ಕೆಳಗೆ ಸರಿಯಾಗಿ ಅಲ್ಲೇ ಸ್ವರ್ಲ್ ಫ್ಲಾಪ್ ಮೋಟಾರ್ (ಇಂಜಿನ್ನಿಗೆ ಹೋಗುವ ಗಾಳಿಯ ಮುಚ್ಚಳಗಳನ್ನು ತಿರುಗಿಸುವ ಮೋಟಾರ್) ಕೂತಿದೆ. ಎಣ್ಣೆ ಒಳಗೆ ಇಳಿದರೆ ಮೋಟಾರ್ ಕೆಡುತ್ತದೆ, ಕಂಪ್ಯೂಟರ್ ಶಕ್ತಿ ಇಳಿಸಿ ಇಂಜಿನ್ನನ್ನು ಕುಂಟಿಸುವ ಲಿಂಪ್ ಮೋಡ್‌ಗೆ ಹಾಕುತ್ತದೆ. ಟರ್ಬೋಗೆ ಏನೂ ಆಗಿರಲಿಲ್ಲ. ಆ ಸೀಲಿನ ಬೆಲೆ ಸಾವಿರ ರೂಪಾಯಿಯೊಳಗೆ. ಮೊದಲೇ ಬದಲಾಯಿಸಿದ್ದರೆ ಮೋಟಾರಿನ ದುಡ್ಡೂ ಉಳಿಯುತ್ತಿತ್ತು.

ಹಾಗಾಗಿ ನಿಮ್ಮ ಮೊದಲ ‘ಅಪ್‌ಗ್ರೇಡ್’ ಆ ಸೀಲ್. ಗಾಡಿ ಚೆನ್ನಾಗಿ ಓಡುತ್ತಿದ್ದರೂ ಈಗಲೇ ಬದಲಾಯಿಸಿ.

ಇದೇ ಇಂಜಿನ್ನಿನಲ್ಲಿ (ಕಂಪನಿ ಹೆಸರು ಒಎಂ 642) ಇನ್ನೊಂದು ಕಾಯಿಲೆ ಇದೆ. ವಿ ಆಕಾರದ ಇಂಜಿನ್ನಿನ ನಡುವಿನ ತಗ್ಗಿನಲ್ಲಿ ಆಯಿಲ್ ಕೂಲರ್ ಕೂತಿದೆ. ಅದರ ಕೆಳಗೆ ಎರಡು ಪುಟ್ಟ ಸೀಲ್. ಹಳೆಯವು ಕಿತ್ತಳೆ ಬಣ್ಣದವು, ಶಾಖಕ್ಕೆ ಗಟ್ಟಿಯಾಗಿ ಸೋರುತ್ತವೆ. ಎಣ್ಣೆ ಆ ತಗ್ಗಿನಲ್ಲಿ ತುಂಬಿಕೊಂಡು ಇಂಜಿನ್ನಿನ ಹಿಂಭಾಗದಿಂದ ಗೇರ್ ಬಾಕ್ಸ್ ಮೇಲೆ ಇಳಿಯುತ್ತದೆ. ಕೆಳಗಿನಿಂದ ನೋಡಿದವರು ಕ್ರ್ಯಾಂಕ್ ಸೀಲ್ ಹೋಗಿದೆ ಅಂತ ಗೇರ್ ಬಾಕ್ಸ್ ಇಳಿಸಲು ಹೊರಡುತ್ತಾರೆ. ಬಿಡಬೇಡಿ, ಮೊದಲು ಮೇಲಿನಿಂದ ನೋಡಿಸಿ. ನಂತರ ಬಂದ ನೇರಳೆ ಬಣ್ಣದ ಸೀಲ್‌ಗಳು ಬಾಳಿಕೆ ಬರುತ್ತವೆ. ಆದರೆ ಟರ್ಬೋ, ಇನ್‌ಟೇಕ್ ಮ್ಯಾನಿಫೋಲ್ಡ್ (ಇಂಜಿನ್ನಿಗೆ ಗಾಳಿ ಹಂಚುವ ಕೊಳವೆ) ಎಲ್ಲ ಬಿಚ್ಚಬೇಕು. ನನಗೆ ಸೀಲ್‌ಗೆ ಎರಡು ಸಾವಿರದೊಳಗೆ ಆಯಿತು, ಲೇಬರ್ 28 ಸಾವಿರ. ಮೂಗಿಗಿಂತ ಮೂಗುತಿ ಭಾರ! ಸೋರದಿದ್ದರೆ ಮುಟ್ಟಲು ಹೋಗಬೇಡಿ. ಬಿಚ್ಚಿದ ದಿನ ಮಾತ್ರ ಮ್ಯಾನಿಫೋಲ್ಡ್ ಒಳಗಿನ ಮಸಿಯನ್ನೂ ತೆಗೆಸಿಬಿಡಿ, ಮತ್ತೆ ಅಲ್ಲಿಗೆ ಕೈ ಹೋಗುವುದು ಯಾವಾಗಲೋ.

ಗೇರ್ ಬಾಕ್ಸ್ ಎಣ್ಣೆ ಯಾವಾಗ ಬದಲಾಯಿಸಿದ್ದು ಅಂತ ಹಿಂದಿನ ಓನರ್‌ಗೆ ಕೇಳಿ. ‘ಅದು ಲೈಫ್‌ಟೈಮ್ ಆಯಿಲ್, ಬದಲಾಯಿಸೋ ಹಾಗಿಲ್ಲ’ ಅಂದರೆ ಬದಲಾಯಿಸೇ ಇಲ್ಲ ಅಂತ ತಿಳಿದುಕೊಳ್ಳಿ. ಏಳು ಗೇರಿನ ಈ ಆಟೋಮ್ಯಾಟಿಕ್‌ಗೆ ಎಣ್ಣೆ, ಫಿಲ್ಟರ್, ಪ್ಯಾನ್ ಗ್ಯಾಸ್ಕೆಟ್ ಮೂರನ್ನೂ ಒಟ್ಟಿಗೆ ಹಾಕಿಸಬೇಕು. ಎಣ್ಣೆ ಡಬ್ಬದ ಮೇಲೆ ಮರ್ಸಿಡಿಸ್‌ನ 236.14 ಅನ್ನುವ ನಂಬರ್ ಇರಬೇಕು. ಇದರ ಮಟ್ಟವನ್ನು ಕಣ್ಣಳತೆಯಲ್ಲಿ ನೋಡುವ ಹಾಗಿಲ್ಲ. ಇಂಜಿನ್ ಓಡುತ್ತಿರುವಾಗ, ಎಣ್ಣೆ ಹೇಳಿದ ಶಾಖಕ್ಕೆ ಬಂದಾಗ, ಸ್ಕ್ಯಾನರ್ ನೋಡಿಕೊಂಡೇ ಸರಿ ಮಾಡಬೇಕು. ‘ಅಂದಾಜಿಗೆ ಏಳೆಂಟು ಲೀಟರ್ ಹಾಕ್ತೀವಿ’ ಅನ್ನುವವರಿಗೆ ನಮಸ್ಕಾರ ಹೇಳಿ ಬನ್ನಿ. ನನ್ನ ಗಾಡಿಯಲ್ಲಿ ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಹಿಂದಿನಿಂದ ಯಾರೋ ತಳ್ಳಿದ ಹಾಗೆ ಆಗುತ್ತಿತ್ತು. ಎಣ್ಣೆ ಬದಲಾಯಿಸಿದ ಮೇಲೆ ಮುಕ್ಕಾಲು ಪಾಲು ಕಡಿಮೆಯಾಯಿತು.

ಇನ್ನು ಸಸ್ಪೆನ್ಷನ್. ಹಂಪ್ ಹತ್ತಿ ಇಳಿಯುವಾಗ ಮುಂದೆ ‘ಟಕ್’ ಅನ್ನುತ್ತಾ? ಬ್ರೇಕ್ ಹಿಡಿದಾಗ ಸ್ಟೇರಿಂಗ್ ನಡುಗುತ್ತಾ? ನಮ್ಮ ರಸ್ತೆಗಳಲ್ಲಿ 1.3 ಲಕ್ಷ ಓಡಿದ್ದರೆ ಮುಂದಿನ ಚಕ್ರಗಳನ್ನು ಹಿಡಿದಿರುವ ಕೆಳ ಆರ್ಮ್‌ಗಳ ಬುಷ್, ಅಂದರೆ ಕೀಲಿನ ರಬ್ಬರ್, ಮುಗಿದಿರುತ್ತದೆ ಅಂದುಕೊಳ್ಳಿ. ಶೋರೂಮ್ ಬೆಲೆ ಕೇಳಿ ಹೆದರಬೇಡಿ. ಜೆ.ಸಿ. ರಸ್ತೆಯಲ್ಲಿ ಲೆಮ್‌ಫೋರ್ಡರ್ ಕಂಪನಿಯ ಆರ್ಮ್ ಕೇಳಿ. ಮರ್ಸಿಡಿಸ್‌ಗೆ ಮಾಡಿಕೊಡುವವರೇ ಅವರು. ನಾನು ತಂದ ಆರ್ಮಿನ ಮೇಲೆ ಒಂದು ಕಡೆ ಉಜ್ಜಿ ತೆಗೆದ ಗುರುತಿತ್ತು, ನಾಕಾಣೆ ಅಗಲದ್ದು. ಮರ್ಸಿಡಿಸ್ ಕಂಪನಿಯ ನಕ್ಷತ್ರದ ಗುರುತು ಇದ್ದ ಜಾಗ ಅದು. ಮಾಲು ಅದೇ, ನಕ್ಷತ್ರ ಇಲ್ಲ, ಬೆಲೆ ಕಡಿಮೆ. ಹೆಸರಿಲ್ಲದ ಅಗ್ಗದ ಆರ್ಮ್ ಮಾತ್ರ ತರಬೇಡಿ, ವರ್ಷದೊಳಗೆ ಮತ್ತೆ ಅದೇ ‘ಟಕ್’.

ಹಾಕಿಸುವಾಗ ಪಕ್ಕದಲ್ಲೇ ನಿಂತಿರಿ. ಬುಷ್ ಇರುವ ಬೋಲ್ಟ್‌ಗಳನ್ನು ಗಾಡಿ ಲಿಫ್ಟಿನಲ್ಲಿ ತೂಗಾಡುತ್ತಿರುವಾಗ ಪೂರ್ತಿ ಬಿಗಿ ಮಾಡಬಾರದು. ಚಕ್ರದ ಮೇಲೆ ಗಾಡಿಯ ಭಾರ ಬಿದ್ದ ಮೇಲೆ ಬಿಗಿ ಮಾಡಬೇಕು. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಬಹಳ ಕಡೆ ಇದನ್ನು ಮಾಡುವುದಿಲ್ಲ, ಅವಸರ. ಅದೇ ದಿನ ಇಂಜಿನ್ ಮೌಂಟೂ ನೋಡಿಸಿ. ಅದರೊಳಗೆ ದ್ರವ ಇರುತ್ತದೆ, ಸೋರಿ ಕುಸಿದಿದ್ದರೆ ಸಿಗ್ನಲ್ಲಿನಲ್ಲಿ ನಿಂತಾಗ ಸೀಟು ಜುಮ್ಮೆನ್ನುತ್ತದೆ. ಹೊಸ ಮೌಂಟ್ ಹಾಕಿಸಿದ ಸಂಜೆ ನನ್ನ ಹೆಂಡತಿ ‘ಆಫ್ ಆಗಿದ್ಯಾ?’ ಅಂತ ಕೇಳಿದ್ದಳು.

ಗಾಡಿಯ ತಳ ರಸ್ತೆಯ ಹಂಪ್‌ಗೆ ತಗುಲುತ್ತದೆ ಅಂತ ನೀವು ಬರೆದಿದ್ದೀರಿ. ಅದಕ್ಕೊಂದು ಅಗ್ಗದ ದಾರಿ ಇದೆ. ಏರ್ ಸಸ್ಪೆನ್ಷನ್ ಇಲ್ಲದ, ಸ್ಪ್ರಿಂಗ್ ಇರುವ ಗಾಡಿಯಾದರೆ ಮಾತ್ರ. ಸ್ಪ್ರಿಂಗ್ ಮತ್ತು ಬಾಡಿ ನಡುವೆ ರಬ್ಬರಿನ ಪ್ಯಾಡ್ ಇರುತ್ತದೆ. ಅದನ್ನು ಕಂಪನಿಯೇ ಬೇರೆ ಬೇರೆ ದಪ್ಪದಲ್ಲಿ ಮಾಡುತ್ತದೆ. ಪ್ಯಾಡಿನ ಅಂಚಿನಲ್ಲಿ ಸಣ್ಣ ಸಣ್ಣ ಉಬ್ಬುಗಳಿವೆ, ಉಬ್ಬು ಜಾಸ್ತಿ ಇದ್ದಷ್ಟೂ ಪ್ಯಾಡ್ ದಪ್ಪ. ನಿಮ್ಮದರಲ್ಲಿ ಎಷ್ಟಿದೆ ನೋಡಿ, ಒಂದು ಸೈಜ್ ಮೇಲಿನದ್ದು ಹಾಕಿಸಿ. ಏರುವುದು ಕೆಲವೇ ಮಿಲಿಮೀಟರ್. ನಮ್ಮ ಬೀದಿಯ ಹಂಪಿಗೆ ನನಗೆ ಅಷ್ಟು ಸಾಕಾಯಿತು.

ಅಲಾಯ್ ಬೇಡ ಅಂದಿದ್ದೂ ನಮ್ಮ ರಸ್ತೆಗಳ ಕಾರಣಕ್ಕೇ. 18 ಇಂಚಿಗೆ ಹೋದರೆ ಟೈರಿನ ಗೋಡೆ ತೆಳ್ಳಗಾಗುತ್ತದೆ, ಒಂದು ಗುಂಡಿಗೆ ರಿಮ್ ಸೊಟ್ಟ. ನನ್ನದು ಎರಡು ಸೊಟ್ಟಗಾಯಿತು, ಆಮೇಲೆ ಹಳೆಯ 16 ಇಂಚನ್ನೇ ಮತ್ತೆ ಹಾಕಿಕೊಂಡೆ. 225/55 ಟೈರ್, ಒಳ್ಳೆಯ ಕಂಪನಿಯದ್ದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ. ನೆಲಕ್ಕೆ ತಾಗುವ ಕಡೆಯ ಗೀರುಗಳು ಸವೆಯದೆ ಚೆನ್ನಾಗಿದ್ದರೂ ಆರು ವರ್ಷ ದಾಟಿದ ಟೈರ್ ನಾನು ಇಟ್ಟುಕೊಳ್ಳುವುದಿಲ್ಲ.

ಖರ್ಚೇ ಇಲ್ಲದ ಒಂದು ಕೆಲಸ. ಗಾಡಿ ಮರದ ಕೆಳಗೆ ನಿಲ್ಲಿಸುತ್ತೀರಾ? ನಮ್ಮ ಬೀದಿಯಲ್ಲಿ ಹೊಂಗೆ ಮರ. ಯುಗಾದಿ ಹೊತ್ತಿಗೆ ಅಕ್ಕಿ ಚೆಲ್ಲಿದ ಹಾಗೆ ಹೂವು ಉದುರುತ್ತದೆ. ಅದು ವೈಪರ್ ಕೆಳಗಿನ ಜಾಲರಿಯೊಳಗೆ ಬಿದ್ದು ನೀರು ಹೋಗುವ ತೂತನ್ನು ಮುಚ್ಚುತ್ತದೆ. ಮೊದಲ ದೊಡ್ಡ ಮಳೆಗೆ ನೀರು ನಿಂತು ಒಳಗಿನ ಕಾರ್ಪೆಟ್ಟಿಗೆ ಇಳಿಯುತ್ತದೆ. ಮಳೆಗಾಲಕ್ಕೆ ಮುಂಚೆ ಬಾನೆಟ್ ಎತ್ತಿ ಕೈಯಲ್ಲಿ ಬಾಚಿ ತೆಗೆಯಿರಿ, ಒಂದು ಚೊಂಬು ನೀರು ಹಾಕಿ ಕೆಳಗೆ ಇಳಿಯುತ್ತಾ ನೋಡಿ. ಸನ್‌ರೂಫ್ ಮೂಲೆಗಳಲ್ಲೂ ಹೀಗೇ ತೂತುಗಳಿವೆ.

ಮಂಕಾದ ಹೆಡ್‌ಲೈಟ್ ಉಜ್ಜಿಸಿದರೆ ಸಾಲದು, ಮೇಲೆ ಯುವಿ ಕೋಟ್ ಹಾಕಿಸಿ. ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ.

ಆಂಡ್ರಾಯ್ಡ್ ಸ್ಕ್ರೀನ್ ಬಗ್ಗೆ: ಈ ಗಾಡಿಯಲ್ಲಿ ಆಡಿಯೋ ಭಾಗಗಳು ಒಂದಕ್ಕೊಂದು ಬೆಳಕಿನ ಫೈಬರ್ ತಂತಿಯಲ್ಲಿ ಮಾತಾಡುತ್ತವೆ. ಅಡಾಪ್ಟರ್ ಇಲ್ಲದೆ ಸುಮ್ನೆ ತಂತಿ ಕತ್ತರಿಸಿ ಜೋಡಿಸಿದರೆ ಸ್ಪೀಕರ್ ಸದ್ದೇ ಬರದೆ ಹೋಗಬಹುದು, ರಾತ್ರಿಯಿಡೀ ಬ್ಯಾಟರಿ ಎಳೆಯಬಹುದು. ಇಲ್ಲಿ ಬ್ಯಾಟರಿ ಸುಸ್ತಾದರೆ ಡ್ಯಾಶ್‌ಬೋರ್ಡಿನಲ್ಲಿ ಇಲ್ಲದ ರೋಗಗಳೆಲ್ಲ ಕಾಣಿಸಿಕೊಳ್ಳುತ್ತವೆ. ಆಕ್ಸ್ ಕಿಂಡಿ ಇದ್ದರೆ ಸಾವಿರ ರೂಪಾಯಿಯ ಬ್ಲೂಟೂತ್ ತುಂಡು ಸಿಕ್ಕಿಸಿ, ಹಾಡು ಕೇಳಿ.

ಕೊನೆಗೆ ರೀಮ್ಯಾಪ್. ಆಸೆ ಯಾಕೆ ಅಂತ ಗೊತ್ತು. ಇದೇ ಮೂರು ಲೀಟರ್ ಇಂಜಿನ್ ಇ 320 ಸಿಡಿಐನಲ್ಲಿ 224 ಎಚ್‌ಪಿ ಕೊಡುತ್ತದೆ, ನಮ್ಮದರಲ್ಲಿ 190. ಆದರೆ ಒಣಗಿದ ಸೀಲ್, ಹಳೆಯ ಗೇರ್ ಎಣ್ಣೆ, ಹರಿದ ಬುಷ್ ಇಟ್ಟುಕೊಂಡು ಶಕ್ತಿ ಏರಿಸಿದರೆ ಇವತ್ತಲ್ಲ ನಾಳೆ ಹೋಗುವುದು ಇವತ್ತೇ ಹೋಗುತ್ತದೆ. ಮೇಲಿನದ್ದೆಲ್ಲ ಮುಗಿಸಿ ಒಂದು ವರ್ಷ ಓಡಿಸಿ. ನಾನು ಹಾಗೇ ಅಂದುಕೊಂಡು ಕಾದೆ, ಗೇರ್ ಮತ್ತು ಮೌಂಟ್ ಸರಿಯಾದ ಮೇಲೆ ಆ 190 ಕಡಿಮೆ ಅಂತ ಅನಿಸಲೇ ಇಲ್ಲ, ರೀಮ್ಯಾಪ್ ಇನ್ನೂ ಮಾಡಿಸಿಲ್ಲ.