ನಗರ ಯೋಜನೆ ಓದಲು ವಿಜ್ಞಾನವೇ ಬೇಕೇ?

ಪ್ರಶ್ನೆ: ಮಗಳು ಪಿಯುಸಿಯಲ್ಲಿ ವಾಣಿಜ್ಯದ ಜೊತೆ ಗಣಿತ ತೆಗೆದುಕೊಂಡಿದ್ದಾಳೆ. ಬಿ.ಪ್ಲಾನ್ (ನಗರ ಯೋಜನೆಯ ಪದವಿ) ಓದಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಧಾರಾಳವಾಗಿ. ಗಣಿತ ಬೇಕೇ ಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ ಕಡ್ಡಾಯವಲ್ಲ. ದೆಹಲಿ, ಭೋಪಾಲ್, ವಿಜಯವಾಡದ ಎಸ್‌ಪಿಎಗಳಿಗೆ (ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್) ಸೇರಲು ಜೆಇಇ ಮೇನ್ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಪೇಪರ್ 2ಬಿ ಬರೆಯಬೇಕು. ಅನೇಕರು ಎಡವುವುದು ಅರ್ಜಿಯಲ್ಲೇ: 2ಎ ಎಂದು ಗುರುತು ಹಾಕಿದರೆ ಅದು ವಾಸ್ತುಶಿಲ್ಪದ್ದು, ಚಿತ್ರರಚನೆಯೂ ಇರುತ್ತದೆ. 2ಬಿಯಲ್ಲಿ ಚಿತ್ರ ಬಿಡಿಸುವುದಿಲ್ಲ. ಕನ್ನಡದಲ್ಲೂ ಬರೆಯಬಹುದು. ಕೋರ್ಸ್ 4 ವರ್ಷ.

ಈಗಿನಿಂದಲೇ ನಕ್ಷೆ ಓದುವುದು ರೂಢಿಯಾಗಲಿ. 1:50,000 ಅಳತೆಯ ಸರ್ವೇ ನಕ್ಷೆಯಲ್ಲಿ 1 ಸೆಂ.ಮೀ. ಎಂದರೆ ನೆಲದ ಮೇಲೆ 500 ಮೀಟರ್. ಆಗುಂಬೆ ಘಾಟಿಯ ಕಡೆ ಸಮೋನ್ನತಿ ರೇಖೆಗಳು (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು) ಒತ್ತೊತ್ತಾಗಿವೆ, ಅಂದರೆ ಕಡಿದಾದ ಇಳಿಜಾರು. ಅಂಥಲ್ಲಿ ಗುಡ್ಡದ ಬುಡ ಕಡಿದು ನೀರಿನ ದಾರಿ ಮುಚ್ಚಿದರೆ ಮಳೆಗಾಲದಲ್ಲಿ ಧರೆ ಕುಸಿಯುತ್ತದೆ. ಮಲೆನಾಡಿನ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಿಲ್ಲ, ಬಿಡಿ!