ಪ್ರಶ್ನೆ ಮೊದಲು, ವಿಭಾಗ ಆಮೇಲೆ

ಓದುಗರ ಪತ್ರ: ನಾನು ಎಂ.ಬಿ.ಬಿ.ಎಸ್. ಮೂರನೇ ವರ್ಷದ ವಿದ್ಯಾರ್ಥಿನಿ. ಕ್ಯಾನ್ಸರ್ ಕ್ಷೇತ್ರದಲ್ಲಿ ಸಂಶೋಧನೆ ಮಾಡುವ ಆಸೆಯಿದೆ. ಸಂಶೋಧನೆಯೆಂದರೆ ಮೆಡಿಕಲ್ ಆಂಕಾಲಜಿಯೇ ಎಂದು ಸೀನಿಯರ್‌ಗಳು ಹೇಳುತ್ತಾರೆ. ನನಗೋ ಆಪರೇಷನ್ ಥಿಯೇಟರ್ ಇಷ್ಟ. ಯಾವುದನ್ನು ಆರಿಸಲಿ?

ಸಂಪಾದಕರ ಉತ್ತರ: ಕ್ಯಾನ್ಸರ್ ಚಿಕಿತ್ಸೆಯಲ್ಲಿ ಮುಖ್ಯವಾಗಿ ಮೂರು ವಿಭಾಗಗಳು: ಔಷಧಿ ಕೊಡುವ ಮೆಡಿಕಲ್ ಆಂಕಾಲಜಿ, ಗಡ್ಡೆ ಕತ್ತರಿಸಿ ತೆಗೆಯುವ ಸರ್ಜಿಕಲ್ ಆಂಕಾಲಜಿ, ವಿಕಿರಣ ಹಾಯಿಸುವ ರೇಡಿಯೇಷನ್ ಆಂಕಾಲಜಿ. ನಿಮ್ಮ ಸೀನಿಯರ್‌ಗಳ ಮಾತು ಪೂರ್ತಿ ಸುಳ್ಳಲ್ಲ. ಹೊಸ ಔಷಧಿಗಳ ಪ್ರಯೋಗಕ್ಕೆ ಕಂಪನಿಗಳು ಹಣ ಸುರಿಯುವುದರಿಂದ ದೊಡ್ಡ ಆಸ್ಪತ್ರೆಗಳ ಮೆಡಿಕಲ್ ಆಂಕಾಲಜಿ ವಿಭಾಗಗಳಲ್ಲಿ ಯಾವುದಾದರೊಂದು ಟ್ರಯಲ್ ನಡೆಯುತ್ತಲೇ ಇರುತ್ತದೆ. ಆದರೆ ಇನ್ನೊಬ್ಬರು ಬರೆದ ಪ್ರೋಟೋಕಾಲ್‌ಗೆ ರೋಗಿಗಳನ್ನು ಸೇರಿಸಿ ಫಾರಂ ತುಂಬುವುದು ಬೇರೆ, ತನ್ನದೇ ಪ್ರಶ್ನೆಯೊಂದನ್ನು ಹಿಡಿದು ಹತ್ತು ವರ್ಷ ಕೂರುವುದು ಬೇರೆ. ನಿಮ್ಮ ಪತ್ರದ ಧಾಟಿ ನೋಡಿದರೆ ನಿಮಗೆ ಬೇಕಿರುವುದು ಎರಡನೆಯದು.

ಬಾಯಿ ಕ್ಯಾನ್ಸರನ್ನೇ ತೆಗೆದುಕೊಳ್ಳಿ. ತಂಬಾಕು, ಗುಟ್ಕಾಗಳ ನಮ್ಮ ದೇಶದಲ್ಲಿ ಕ್ಯಾನ್ಸರ್ ಸರ್ಜನ್‌ಗಳಿಗೆ ಇದು ದಿನನಿತ್ಯದ ಕಾಯಿಲೆ. ಗಡ್ಡೆ ಚಿಕ್ಕದಾಗಿದ್ದು, ಕುತ್ತಿಗೆಯ ದುಗ್ಧಗ್ರಂಥಿಗಳಲ್ಲಿ ರೋಗದ ಸುಳಿವು ಸಿಗದಿದ್ದಾಗ, ಆ ಗ್ರಂಥಿಗಳನ್ನೂ ಮೊದಲ ಶಸ್ತ್ರಕ್ರಿಯೆಯಲ್ಲೇ ತೆಗೆಯಬೇಕೆ ಅಥವಾ ರೋಗ ಅಲ್ಲಿ ಕಾಣಿಸಿಕೊಂಡ ಮೇಲೆ ತೆಗೆದರೆ ಸಾಕೇ ಎಂಬ ಬಗ್ಗೆ ಸರ್ಜನ್‌ಗಳಲ್ಲಿ ದಶಕಗಳ ಕಾಲ ಒಮ್ಮತವಿರಲಿಲ್ಲ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಸರ್ಜನ್ ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಿಗೆ ಹಂಚಿ, 500 ಮಂದಿಯ ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿದರು. ಗ್ರಂಥಿಗಳನ್ನು ಮೊದಲೇ ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ ಬದುಕುಳಿದವರ ಪ್ರಮಾಣ ಶೇ. 80, ಕಾದು ನೋಡಿದವರಲ್ಲಿ ಶೇ. 67.5. ಇದರಲ್ಲಿ ಹೊಸ ಔಷಧಿಯಿಲ್ಲ, ಹೊಸ ಯಂತ್ರವೂ ಇಲ್ಲ. ಥಿಯೇಟರಿನಲ್ಲಿ ನಿಂತವರಿಗೆ ಮಾತ್ರ ಕಾಡುವಂಥ ಒಂದು ಅನುಮಾನವಿದೆ, ಅಷ್ಟೆ.

ಅದೇ ಆಸ್ಪತ್ರೆಯ ವಿಕಿರಣ ತಜ್ಞರು, ಮುಂದುವರಿದ ಹಂತದ ಗರ್ಭಕಂಠ ಕ್ಯಾನ್ಸರ್ ಇದ್ದ 850 ಮಹಿಳೆಯರಲ್ಲಿ, ವಿಕಿರಣದ ಜೊತೆಗೆ ಸಿಸ್ಪ್ಲಾಟಿನ್ ಎಂಬ ಕೀಮೋ ಔಷಧಿ ಕೊಟ್ಟರೆ ಹೆಚ್ಚು ಮಂದಿ ಬದುಕುತ್ತಾರೆಂದು ತೋರಿಸಿದ್ದು 2018ರಲ್ಲಿ. ಮೆಡಿಕಲ್ ಆಂಕಾಲಜಿಯವರದೂ ಕಂಪನಿಯ ಪ್ರಶ್ನೆಯೇ ಆಗಬೇಕಿಲ್ಲ: ದುಬಾರಿ ನಿವೊಲುಮಾಬ್ ಔಷಧಿಯನ್ನು ವಾಡಿಕೆಯ ಡೋಸಿನ ಹತ್ತನೇ ಒಂದಂಶಕ್ಕಿಂತಲೂ ಕಡಿಮೆ, ಅಂದರೆ 20 ಮಿಲಿಗ್ರಾಂ, ಕೊಟ್ಟರೂ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ರೋಗಿಗಳ ಆಯುಸ್ಸು ಹೆಚ್ಚುವುದೆಂದು ಕಂಡುಕೊಂಡದ್ದು ಅಲ್ಲಿನ ವೈದ್ಯರೇ. ಕೊಳ್ಳಲಾಗದ ಔಷಧಿಯ ಚೀಟಿಯನ್ನು ದಿನವೂ ಬರೆಯುವವರಿಗೇ ಆ ಪ್ರಶ್ನೆ ಹೊಳೆಯುವುದು.

ಹೀಗಾಗಿ ಯಾವ ವಿಭಾಗದಲ್ಲಿ ಸಂಶೋಧನೆ ಹೆಚ್ಚು ಎಂದು ಕೇಳಬೇಡಿ. ಯಾವ ಬಗೆಯ ಅನುಮಾನ ನಿಮ್ಮನ್ನು ಬಿಡದೆ ಕಾಡುತ್ತದೆ ಎಂದು ನೋಡಿಕೊಳ್ಳಿ. ಚಿತ್ರ ಮತ್ತು ಗಣಿತದತ್ತ ಒಲವಿದ್ದರೆ ಸಿ.ಟಿ. ಚಿತ್ರದ ಒಂದೊಂದು ಪದರದ ಮೇಲೂ ಗಡ್ಡೆಯ ಅಂಚು ಗುರುತಿಸಿ, ಭೌತತಜ್ಞರೊಂದಿಗೆ ಡೋಸ್ ಲೆಕ್ಕ ಹಾಕುವ ವಿಕಿರಣ ವಿಭಾಗ ನಿಮಗೆ ಒಗ್ಗೀತು. ಜೀವಕೋಶದ ಒಳಗಿನ ಕೆಲಸವೇ ಸೆಳೆಯುವುದಾದರೆ ಈ ಮೂರನ್ನೂ ಬಿಟ್ಟು ಪೆಥಾಲಜಿಯನ್ನೋ ಪಿಎಚ್.ಡಿ.ಯನ್ನೋ ಯೋಚಿಸಿ.

ವರ್ಷಗಳ ಲೆಕ್ಕವನ್ನೂ ಮರೆಯಬೇಡಿ. ರೇಡಿಯೇಷನ್ ಆಂಕಾಲಜಿಗೆ ಎಂ.ಬಿ.ಬಿ.ಎಸ್. ಆದ ಮೇಲೆ ಮೂರು ವರ್ಷದ ಎಂ.ಡಿ. ಸಾಕು, ಉಳಿದೆರಡಕ್ಕೆ ಎಂ.ಡಿ. ಅಥವಾ ಎಂ.ಎಸ್. ಮುಗಿಸಿ, ಮತ್ತೊಂದು ಪ್ರವೇಶ ಪರೀಕ್ಷೆ ಬರೆದು, ಇನ್ನೂ ಮೂರು ವರ್ಷ ಡಿ.ಎಂ. (ಮೆಡಿಕಲ್ ಆಂಕಾಲಜಿಗೆ) ಅಥವಾ ಎಂ.ಸಿಎಚ್. (ಸರ್ಜರಿಗೆ) ಓದಬೇಕು. ಸರ್ಜರಿಯಲ್ಲಿ ಕೈ ಪಳಗುವುದಕ್ಕೇ ಬಹುಪಾಲು ಸಮಯ ಹೋಗುತ್ತದೆ, ಬರೆಯಲು ಕೂರುವ ಸಂಜೆಯನ್ನು ಕದ್ದೇ ಗಳಿಸಬೇಕು. ಆದರೂ ಥಿಯೇಟರ್ ಇಷ್ಟವಿರುವವರು ಸಂಶೋಧನೆಯ ನೆಪದಲ್ಲಿ ಅದನ್ನು ಬಿಡುವುದು ನನಗೆ ಸರಿ ಕಾಣುವುದಿಲ್ಲ.

ನಿರ್ಧಾರಕ್ಕೆ ಇನ್ನೂ ಸಮಯವಿದೆ. ಎಂ.ಬಿ.ಬಿ.ಎಸ್., ಬಿ.ಡಿ.ಎಸ್. ವಿದ್ಯಾರ್ಥಿಗಳಿಗೆಂದು ಐ.ಸಿ.ಎಂ.ಆರ್. (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನಡೆಸುವ ಎರಡು ತಿಂಗಳ ಸಂಶೋಧನಾ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ. ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಅನುಮತಿ ಪಡೆದು, ಮೂರೂ ವಿಭಾಗದವರು ಒಬ್ಬನೇ ರೋಗಿಯ ಬಗ್ಗೆ ಚರ್ಚಿಸುವ ಟ್ಯೂಮರ್ ಬೋರ್ಡ್ ಸಭೆಯ ಹಿಂದಿನ ಸಾಲಿನಲ್ಲಿ ಕೆಲವು ವಾರ ಕುಳಿತು, ಯಾರಿಂದಲೂ ಉತ್ತರ ಬಾರದ ಪ್ರಶ್ನೆಗಳನ್ನು ಬರೆದುಕೊಳ್ಳಿ. ಆರು ತಿಂಗಳ ಬಳಿಕ ಆ ಪಟ್ಟಿಯೊಂದಿಗೆ ಮತ್ತೆ ಪತ್ರ ಬರೆಯಿರಿ.