ಬಿದ್ದದ್ದು ಆಗ, ಸಿಟ್ಟು ಈಗ

ಇಳಕಲ್ಲಿನ ಅಕ್ಕಾವ್ರಿಗೆ ನಮಸ್ಕಾರ.

ಮಗ ಎರಡು ವರ್ಷದವನಿದ್ದಾಗ ಮಾಳಿಗೆಯಿಂದ ಬಿದ್ದ, ತಲೆಯೊಳಗೆ ರಕ್ತ ಹೆಪ್ಪುಗಟ್ಟಿ ಆಪರೇಷನ್ ಆಯಿತು, ಆಮೇಲೆ ಚೆನ್ನಾಗಿಯೇ ಓಡಾಡಿಕೊಂಡಿದ್ದ ಅಂತ ಬರೆದಿದ್ದೀರಿ. ಈಗ ಆರನೇ ಕ್ಲಾಸು. ಗೋಲಿ ಆಡುವಾಗ ತನ್ನ ಪಾಳಿ ಬರುವತನಕ ತಡೆಯಲ್ಲ, ಪಕ್ಕದವನ ಕೈ ತಿರುವುತ್ತಾನೆ. ಸ್ವಲ್ಪ ಹೊತ್ತಿಗೆ ಅವನನ್ನೇ ಊಟಕ್ಕೆ ಕರೆತರುತ್ತಾನೆ. ಅತ್ತೆಯವರು ನಿಮ್ಮ ಮುದ್ದೇ ಕಾರಣ ಅನ್ನುತ್ತಾರೆ. ಇಷ್ಟು ವರ್ಷದ ಹಿಂದಿನ ಪೆಟ್ಟು ಈಗ ಕಾಣಿಸುತ್ತದೆಯೇ ಅನ್ನುವುದು ನಿಮ್ಮ ಪ್ರಶ್ನೆ.

ಕಾಣಿಸಬಹುದು. ಸಿಟ್ಟು ತಡೆಯುವುದು, ಮುಂದೇನಾದೀತು ಅಂತ ಯೋಚಿಸುವುದು ಹಣೆಯ ಹಿಂದಿನ ಮಿದುಳಿನ ಕೆಲಸ. ಆ ಭಾಗ ಪೂರ್ತಿ ಬಲಿಯುವಷ್ಟರಲ್ಲಿ ವಯಸ್ಸು 20 ದಾಟಿರುತ್ತದೆ. ಎರಡು ವರ್ಷದ ಕೂಸು ಹಠ ಮಾಡಿದರೆ ಯಾರಿಗೂ ಏನೂ ಅನ್ನಿಸಲ್ಲ. ಹನ್ನೊಂದರ ಹುಡುಗನಿಂದ ತಾಳ್ಮೆ ಕೇಳುತ್ತೇವೆ. ಕೇಳಿದಾಗಲೇ ಕೊರತೆ ಗೊತ್ತಾಗುವುದು, ಅಲ್ವಾ?

ಎಳೆಯ ಮಿದುಳು ತಾನೇ ಸರಿಹೋಗುತ್ತದೆ ಅಂತ ವೈದ್ಯರೂ ಬಹಳ ಕಾಲ ನಂಬಿದ್ದರು. ಮಾತಿನ ಮಟ್ಟಿಗೆ ಅದು ಸುಮಾರು ನಿಜ. ನಡತೆಗೆ ಅಷ್ಟಾಗಿ ಹೊಂದುವುದಿಲ್ಲ. 1999ರಲ್ಲಿ ಅಮೆರಿಕದ ಸಂಶೋಧಕರು ಇಬ್ಬರ ಬಗ್ಗೆ ಬರೆದರು. ಒಬ್ಬಳಿಗೆ 15 ತಿಂಗಳಿದ್ದಾಗ ಗಾಡಿ ಹಾಯ್ದಿತ್ತು. ಇನ್ನೊಬ್ಬನಿಗೆ 3 ತಿಂಗಳಿಗೇ ಮಿದುಳಿನ ಗಡ್ಡೆ ತೆಗೆದಿದ್ದರು. ಇಬ್ಬರೂ ದೊಡ್ಡವರಾದ ಮೇಲೆ ಸುಳ್ಳು, ಕಳವು, ಜಗಳ. ಶಿಕ್ಷೆ ನಾಟಲೇ ಇಲ್ಲ. ತಂದೆತಾಯಿ ಓದಿದವರು, ಮನೆ ಒಳ್ಳೆಯದು, ಒಡಹುಟ್ಟಿದವರು ಸರಿಯಾಗೇ ಇದ್ದರು. ಈ ಕಡೆಯ ಸಾಲನ್ನು ಅತ್ತೆಯವರಿಗೆ ಓದಿ ಹೇಳಿ. ಆದರೆ ನೀವು ಹೆದರಬೇಡಿ. ಅವರಿಬ್ಬರದು ಹಣೆಯ ಹಿಂದಿನ ಮಿದುಳಿಗಾದ ದೊಡ್ಡ ಹಾನಿ, ಅವಳಿಗೆ ಎರಡೂ ಬದಿಗೆ, ಅವನಿಗೆ ಬಲಬದಿಗೆ. ಜಗಳವಾಡಿದವನನ್ನೇ ಊಟಕ್ಕೆ ಕರೆತರುವ ಹುಡುಗನ ಕತೆ ಬೇರೆ.

ಹಾಗಂತ ಎಲ್ಲವನ್ನೂ ಆ ಪೆಟ್ಟಿನ ಮೇಲೆ ಹಾಕುವುದೂ ಬೇಡ. ಪಾಠ ತಿಳಿಯದಿದ್ದರೂ, ನಿದ್ದೆ ಕೆಟ್ಟರೂ ಮಕ್ಕಳು ಸಿಡುಕುತ್ತಾರೆ. ತೋರಿಸಿಯೇ ತಿಳಿಯಬೇಕು. ಹಳೆಯ ಸ್ಕ್ಯಾನ್ ಫಿಲ್ಮು, ಡಿಸ್ಚಾರ್ಜ್ ಚೀಟಿ ಹುಡುಕಿಟ್ಟುಕೊಳ್ಳಿ. ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್‌ಗೆ ಹೋದರೆ ಗಮನ, ನೆನಪು, ಸಿಟ್ಟಿನ ಹಿಡಿತ ಎಲ್ಲವನ್ನೂ ಬೇರೆಬೇರೆಯಾಗಿ ಪರೀಕ್ಷಿಸುವ ಮನಶ್ಶಾಸ್ತ್ರಜ್ಞರಿದ್ದಾರೆ. ಆ ವರದಿಯ ಒಂದು ಪ್ರತಿ ಮಾಸ್ತರರ ಕೈಗೂ ಕೊಡಿ.

ಅಲ್ಲಿಯತನಕ ಮನೆಯಲ್ಲಿ ಬಡಿಯುವುದು ನಿಲ್ಲಲಿ. 'ಬ್ಯಾಗ್ ತಗೋ, ಚಪ್ಪಲಿ ಹಾಕ್ಕೋ, ನೀರಿನ ಬಾಟಲಿ ತುಂಬ್ಕೋ' ಅಂತ ಒಂದೇ ಉಸಿರಿಗೆ ಹೇಳಬೇಡಿ. ಒಂದು ಹೇಳಿ, ಅದು ಮುಗಿದ ಮೇಲೆ ಇನ್ನೊಂದು. ಆಟದಲ್ಲಿ ಅವನ ಮುಖ ಬಿಗಿಯಾಗುತ್ತಿದ್ದಂತೆ ಏನಾದರೂ ಕೆಲಸಕ್ಕೆ ಕರೆಯಿರಿ, ಸಿಟ್ಟೇರಿದ ಮೇಲೆ ಬುದ್ಧಿ ಹೇಳಿದರೆ ಸುಮ್ನೆ ವ್ಯರ್ಥ. ಆಗಾಗ ಕಣ್ಣು ನೆಟ್ಟು ಕರೆದರೂ ಓಗೊಡದೆ ಕೂರುತ್ತಿದ್ದರೆ ಅದು ಫಿಟ್ಸ್ ಇರಬಹುದು. ಅದನ್ನು ವೈದ್ಯರಿಗೆ ಮೊದಲು ಹೇಳಿ.